ತೂಕ ಇಳಿಸುವ ಆಪರೇಷನ್ ಆದ ಹದಿಹರೆಯದ ಮಕ್ಕಳಿಗೆ ಮಾತ್ರೆ ಕೊಡುವ ಮುನ್ನ

"ಮಗಳಿಗೆ ಸ್ಲೀವ್ ಆಗಿ ಮೂರು ತಿಂಗಳಾಯ್ತು, ಮುಟ್ಟಿನ ಹೊಟ್ಟೆನೋವಿಗೆ ಮೊದಲಿನ ಮಾತ್ರೆಯನ್ನೇ ಕೊಡಬಹುದಾ?" "ಮಗನಿಗೆ ವಾಂತಿ ನಿಲ್ತಾ ಇಲ್ಲ, ಇಲ್ಲೇ ಹತ್ತಿರ ಗ್ಲೂಕೋಸ್ ಹಾಕಿಸಿಬಿಡೋಣವಾ?" ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ, ಅಂದರೆ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡ ಮಕ್ಕಳ ಮನೆಯವರು ಮತ್ತೆ ಮತ್ತೆ ಕೇಳುವುದು ಇಂಥವನ್ನೇ. ಎರಡಕ್ಕೂ ಉತ್ತರ, ಸರ್ಜನ್ನರನ್ನು ಕೇಳದೆ ಬೇಡ.

ಆಪರೇಷನ್ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಆಗುತ್ತದೆ. ಆಮೇಲೆ ಮಗು ಇರುವುದು ಮದ್ದೂರು, ಮಳವಳ್ಳಿ, ಪಾಂಡವಪುರ, ನಂಜನಗೂಡಿನ ಮನೆಯಲ್ಲಿ. ಜ್ವರ ಬಂದರೆ ತೋರಿಸುವುದು ಬೀದಿ ಕೊನೆಯ ಕ್ಲಿನಿಕ್ಕಿಗೆ, ಮಾತ್ರೆ ತರುವುದು ಬಸ್‌ಸ್ಟ್ಯಾಂಡ್ ಪಕ್ಕದ ಮೆಡಿಕಲ್ಸ್‌ನಿಂದ. ಅವರಿಗೆ ಆಪರೇಷನ್ ವಿಷಯ ನೀವಾಗಿ ಹೇಳದ ಹೊರತು ಗೊತ್ತಾಗುವುದಿಲ್ಲ. ಹೊಟ್ಟೆಯ ಮೇಲೆ ಉಳಿಯುವುದು ನಾಲ್ಕೈದು ಸಣ್ಣ ಕಲೆಗಳಷ್ಟೆ. ಔಷಧಿಯ ಎಡವಟ್ಟಿಗೆ ದಾರಿಯಾಗುವುದೇ ಇಲ್ಲಿ.

ಡೋಸ್ ಬದಲಿಸುವುದು, ನಿಲ್ಲಿಸುವುದು ಡಾಕ್ಟರ ಕೆಲಸ. ಯಾವಾಗ ಏನು ಕೇಳಬೇಕು, ಎಲ್ಲಿ ತಡೆಯಬೇಕು ಎಂಬುದು ನಿಮ್ಮದು. ಈ ಲೇಖನ ಅದಕ್ಕಾಗಿ.

ಆಪರೇಷನ್ನಿಂದ ಬದಲಾಗುವುದೇನು

ಈ ಆಪರೇಷನ್ನಿನಲ್ಲಿ ಸ್ಲೀವ್, ಬೈಪಾಸ್ ಎಂಬ ವಿಧಗಳಿವೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದು, ಉಳಿದದ್ದನ್ನು ಸಣ್ಣ ಕೊಳವೆಯಂತೆ ಮಾಡುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ಆಮ್ಲ ಕಡಿಮೆಯಾಗುತ್ತದೆ, ಒಂದೇ ಸಲಕ್ಕೆ ಲೋಟ ನೀರು ಇಳಿಯುವುದಿಲ್ಲ. ಬೈಪಾಸ್‌ನಲ್ಲಾದರೆ ಮಾತ್ರೆ ಕರಗಿ ರಕ್ತಕ್ಕೆ ಸೇರುವ ಹಾದಿಯೂ ಮೊಟಕಾಗುತ್ತದೆ, ಜೋಡಣೆಯ ಜಾಗದಲ್ಲಿ ಹುಣ್ಣಾಗುವ ಭಯ ಸದಾ ಇರುತ್ತದೆ. ನಿಮ್ಮ ಮಗುವಿಗೆ ಆದದ್ದು ಸ್ಲೀವೋ, ಬೈಪಾಸೋ, ಮಿನಿ ಬೈಪಾಸೋ ಎಂದು ಬಾಯಿಪಾಠ ಇರಲಿ. "ಹೊಟ್ಟೆ ಆಪರೇಷನ್" ಅಂತಷ್ಟೇ ಹೇಳಿದರೆ ಕ್ಲಿನಿಕ್ಕಿನವರು ಅಪೆಂಡಿಕ್ಸ್ ಅಂದುಕೊಳ್ಳಬಹುದು.

1. ಆಪರೇಷನ್ನಿಗೆ ಒಂದು ತಿಂಗಳು ಮೊದಲೇ ಔಷಧಿ ಪಟ್ಟಿ ಮಾಡಿ

ಮನೆಯಲ್ಲಿ ಮಗು ನುಂಗುವ, ಹಚ್ಚುವ, ಚುಚ್ಚಿಸಿಕೊಳ್ಳುವ ಪ್ರತಿಯೊಂದನ್ನೂ ಕೈಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಖಾಲಿ ಸ್ಟ್ರಿಪ್ ಆದರೂ ಸರಿ. ಬಾಯಲ್ಲಿ ಹೇಳುವಾಗ ಬಿಟ್ಟುಹೋಗುವಂಥವು ಇವು:

- ಪಿಸಿಓಡಿಗೆಂದು, ಮುಟ್ಟು ಸರಿಹೋಗಲೆಂದು ಕೊಟ್ಟ ಹಾರ್ಮೋನ್ ಮಾತ್ರೆ. "ಅದು ಔಷಧಿ ಅಲ್ಲ, ಡೇಟ್ ಸರಿಮಾಡೋ ಮಾತ್ರೆ" ಎಂಬ ಭಾವನೆ ಮನೆಗಳಲ್ಲಿದೆ.
- ಮೊಡವೆಯ ಕ್ಯಾಪ್ಸೂಲ್.
- ಕೂದಲಿಗೆಂದು ನುಂಗುವ ಬಯೋಟಿನ್. ಇದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ರಕ್ತ ಕೊಡುವ ಮೊದಲು ಎಷ್ಟು ದಿನ ನಿಲ್ಲಿಸಬೇಕೆಂದು ಕೇಳಿ.
- ಆಸ್ತಮಾ ಇನ್ಹೇಲರ್, ಮೂಗಿನ ಸ್ಪ್ರೇ.
- ತೂಕ ಇಳಿಸುವ ಪುಡಿ, ಕಷಾಯ, ಲೇಹ್ಯ, ಜಿಮ್‌ನವರು ಕೊಟ್ಟ ಡಬ್ಬ.
- ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುತ್ತಿದ್ದ ಇಂಜೆಕ್ಷನ್.

ಇನ್ನೊಂದು ಮಾತು, ಕೆಲವರಿಗೆ ಇಷ್ಟವಾಗದಿರಬಹುದು. ಡಾಕ್ಟರ ಕೋಣೆಯಲ್ಲಿ ಹತ್ತು ನಿಮಿಷ ಅಪ್ಪ ಅಮ್ಮ ಹೊರಗೆ ಕೂರಬೇಕು. ಸಿಗರೇಟು, ಬಿಯರ್, ಗರ್ಭನಿರೋಧಕ, ಮನಸ್ಸಿಗೆ ಸಂಬಂಧಿಸಿದ ಮಾತ್ರೆ ಇವನ್ನೆಲ್ಲ ಹದಿನಾರರ ಮಗು ನಿಮ್ಮೆದುರು ಹೇಳಲಾರದು. ಹೇಳದಿದ್ದರೆ ಅರಿವಳಿಕೆ ಕೊಡುವವರಿಗೆ ಅರ್ಧ ಮಾಹಿತಿ ಮಾತ್ರ ಸಿಗುತ್ತದೆ.

2. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಲೇಬಾರದು

ಈಸ್ಟ್ರೋಜೆನ್ ಇರುವ ಹಾರ್ಮೋನ್ ಮಾತ್ರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ಸಾಮಾನ್ಯವಾಗಿ ಆಪರೇಷನ್ನಿಗೆ ನಾಲ್ಕು ವಾರ ಮೊದಲೇ ಇದನ್ನು ನಿಲ್ಲಿಸಿಸುತ್ತಾರೆ. ಆಸ್ಪತ್ರೆಗೆ ಸೇರುವ ಹಿಂದಿನ ದಿನ ನೆನಪಾದರೆ ಕಾಲ ಮೀರಿರುತ್ತದೆ.

ಸಕ್ಕರೆ ಕಾಯಿಲೆಗೆ ಕೊಡುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಬೇಕು. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಊಟ ಕಡಿಮೆಯಾದಾಗಲೂ ತೆಗೆದುಕೊಳ್ಳುತ್ತಿದ್ದರೆ ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ಸರಿಯಾಗೇ ಕಂಡರೂ ರಕ್ತ ಆಮ್ಲೀಯವಾಗಿ ಪ್ರಾಣಕ್ಕೆ ಕುತ್ತಾಗಬಹುದು. ಇದನ್ನು ಕೀಟೋಅಸಿಡೋಸಿಸ್ ಎನ್ನುತ್ತಾರೆ. ಆಪರೇಷನ್ನಿಗೆ ಮೊದಲು ದ್ರವಾಹಾರ ಶುರುಮಾಡಿದ ದಿನವೇ ಈ ಮಾತ್ರೆಯ ಬಗ್ಗೆ ಕೇಳಿ. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ಬಗ್ಗೆಯೂ ಅಂದೇ ಕೇಳಬೇಕು, ಅಲ್ಲಿ ಅಪಾಯ ಸಕ್ಕರೆ ಕುಸಿಯುವುದು.

ವಾರದ ಇಂಜೆಕ್ಷನ್ (ಸೆಮಗ್ಲುಟೈಡ್, ಟಿರ್ಜೆಪಟೈಡ್) ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ರಾತ್ರಿಯಿಂದ ಉಪವಾಸ ಇದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದು, ಅರಿವಳಿಕೆ ಹೊತ್ತಿನಲ್ಲಿ ಶ್ವಾಸಕೋಶಕ್ಕೆ ಹೋಗಬಹುದು. ಕೊನೆಯ ಡೋಸ್ ತೆಗೆದುಕೊಂಡ ತಾರೀಖನ್ನು ಬರೆದು ಕೊಡಿ. ನಾಟಿ ಔಷಧಿ, ಗಿಡಮೂಲಿಕೆ ಪುಡಿಗಳನ್ನು ಎರಡು ವಾರ ಮೊದಲು ಬಿಡಿಸುವುದು ರೂಢಿ.

ನೀವಾಗಿ ನಿಲ್ಲಿಸಬಾರದ್ದು: ಮೂರ್ಛೆರೋಗದ ಮಾತ್ರೆ, ಥೈರಾಯ್ಡ್ ಮಾತ್ರೆ, ಖಿನ್ನತೆಯ ಮಾತ್ರೆ, ಇನ್ಹೇಲರ್, ಬಹುಕಾಲದಿಂದ ತೆಗೆದುಕೊಳ್ಳುತ್ತಿರುವ ಸ್ಟೆರಾಯ್ಡ್. "ಏನೂ ಬಾಯಿಗೆ ಹಾಕಬೇಡಿ" ಎಂದು ಹೇಳಿದ್ದಕ್ಕೆ ಮೂರ್ಛೆಯ ಮಾತ್ರೆಯನ್ನೂ ಬಿಟ್ಟರೆ ಆಸ್ಪತ್ರೆಯಲ್ಲೇ ಫಿಟ್ಸ್ ಬರಬಹುದು. ಆ ದಿನ ಬೆಳಿಗ್ಗೆ ಗುಟುಕು ನೀರಲ್ಲಿ ಕೊಡಬೇಕಾದ್ದು ಯಾವುದು ಎಂದು ಹಿಂದಿನ ದಿನವೇ ಬರೆಸಿಕೊಳ್ಳಿ.

3. ಡಿಸ್ಚಾರ್ಜ್ ದಿನ ಸ್ಟ್ರಿಪ್ ಓದಿ

ಡಿಸ್ಚಾರ್ಜ್ ದಿನ ಎಲ್ಲರಿಗೂ ಬಿಲ್ಲಿನ, ಗಾಡಿಯ ಗಡಿಬಿಡಿ. ಆದರೂ ಮಾತ್ರೆಗಳ ಹೆಸರಿನ ಕೊನೆಯ ಅಕ್ಷರಗಳನ್ನು ನೋಡದೆ ಹೊರಡಬೇಡಿ. ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್, ಎಕ್ಸ್‌ಎಲ್ ಎಂದಿದ್ದರೆ ಅದು ಗಂಟೆಗಟ್ಟಲೆ ನಿಧಾನವಾಗಿ ಕರಗುವ ಮಾತ್ರೆ. ಹೊಸ ಹೊಟ್ಟೆಯಲ್ಲಿ, ಮುಖ್ಯವಾಗಿ ಬೈಪಾಸ್ ಆದವರಲ್ಲಿ, ಅದು ಪೂರ್ತಿ ಕರಗದೆ ಹೊರಟುಹೋಗಬಹುದು. ಮೆಟ್‌ಫಾರ್ಮಿನ್ ಎಸ್‌ಆರ್ ಇದಕ್ಕೆ ಸಾಮಾನ್ಯ ಉದಾಹರಣೆ. ಅದಕ್ಕೆ ಸಾದಾ ಮೆಟ್‌ಫಾರ್ಮಿನ್ ಇದೆ.

ಇಲ್ಲಿ ಎಲ್ಲರೂ ಬೀಳುವ ಹಳ್ಳವೊಂದಿದೆ. ಮಾತ್ರೆ ದೊಡ್ಡದಾಯಿತೆಂದು ಪುಡಿಮಾಡಿ ಕೊಡುವುದು. ಎಸ್‌ಆರ್ ಮಾತ್ರೆಯನ್ನು ಪುಡಿಮಾಡಿದರೆ ದಿನವಿಡೀ ಇಳಿಯಬೇಕಾದ ಡೋಸ್ ಒಂದೇ ಸಲಕ್ಕೆ ಇಳಿಯುತ್ತದೆ. ಗ್ಯಾಸ್ ಮಾತ್ರೆ ಅನ್ನುತ್ತೇವಲ್ಲ, ಆ ಪ್ಯಾಂಟೊಪ್ರಜೋಲ್ ಮೇಲೊಂದು ಲೇಪನ ಇರುತ್ತದೆ. ಪುಡಿಮಾಡಿದರೆ ಆಮ್ಲಕ್ಕೆ ಸಿಕ್ಕಿ ಔಷಧಿ ಹಾಳಾಗುತ್ತದೆ. ನುಂಗಲಾಗದಿದ್ದರೆ ಓಮೆಪ್ರಜೋಲ್ ಕ್ಯಾಪ್ಸೂಲ್ ಬರೆಸಿಕೊಂಡು, ಅದನ್ನು ಬಿಚ್ಚಿ ಒಳಗಿನ ಕಾಳುಗಳನ್ನು ಅಗಿಯದೆ ನುಂಗಿಸಬಹುದು. ಪಟ್ಟಿಯಲ್ಲಿ ಪ್ರತಿ ಮಾತ್ರೆಯ ಎದುರು "ಪುಡಿ ಮಾಡಬಹುದು / ಬಾರದು" ಎಂದು ಬರೆಸಿಕೊಳ್ಳಿ.

ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವ ತೊಂದರೆ (ಸ್ಲೀಪ್ ಅಪ್ನಿಯ) ಮಗುವಿಗೆ ಇದ್ದರೆ ಟ್ರಮಡಾಲ್ ಮತ್ತು ಕೊಡೀನ್ ಬಗ್ಗೆ ಬಾಯಿಬಿಟ್ಟು ಕೇಳಲೇಬೇಕು. ಇವು ಉಸಿರಾಟವನ್ನು ತಗ್ಗಿಸುತ್ತವೆ. 12ರಿಂದ 18 ವರ್ಷದೊಳಗಿನ ಬೊಜ್ಜಿರುವ ಅಥವಾ ಸ್ಲೀಪ್ ಅಪ್ನಿಯ ಇರುವ ಮಕ್ಕಳಿಗೆ ಇವನ್ನು ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಅಲ್ಟ್ರಾಸೆಟ್‌ನಲ್ಲಿ ಟ್ರಮಡಾಲ್ ಇದೆ, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಕೊಡೀನ್ ಇದೆ. ಹಿರಿಯರಿಗೆ ಬರೆದ ಚೀಟಿಯ ಮಿಕ್ಕ ಮಾತ್ರೆ ಮಗುವಿಗೆ ಬೇಡ.

4. ಮೊದಲ ಆರು ವಾರ ನುಂಗುವ ಕ್ರಮ

ಕಾಬೂಲ್ ಕಡಲೆಕಾಳಿಗಿಂತ ದಪ್ಪ ಮಾತ್ರೆ ಬೇಡ. ಒಂದು ಮಾತ್ರೆ, ಎರಡು ಗುಟುಕು ನೀರು, ಐದು ನಿಮಿಷ ಬಿಡುವು, ಆಮೇಲೆ ಇನ್ನೊಂದು. ಕೂತೇ ನುಂಗಬೇಕು, ಅರ್ಧ ಗಂಟೆ ಮಲಗಬಾರದು. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್‌ಗೆ ಇದು ಇನ್ನೂ ಮುಖ್ಯ: ಅದನ್ನು ಒಂದು ಲೋಟ ನೀರಿನೊಂದಿಗೆ ನುಂಗಬೇಕು, ನಿಮ್ಮ ಮಗುವಿಗೆ ಈಗ ಲೋಟ ನೀರು ಇಳಿಯುವುದಿಲ್ಲ, ಅನ್ನನಾಳದಲ್ಲೇ ನಿಂತರೆ ಸುಟ್ಟು ಹುಣ್ಣಾಗುತ್ತದೆ. ಆ ಕೋರ್ಸ್ ಮುಂದೂಡಲಾದೀತೇ ಎಂದು ಚರ್ಮದ ಡಾಕ್ಟರನ್ನು ಕೇಳಿ.

ಸಿರಪ್ ಸುಲಭ ಅನ್ನಿಸಿದರೂ ಸಕ್ಕರೆ ಪಾಕದ ಸಿರಪ್ ಬೈಪಾಸ್ ಆದವರಿಗೆ ಕಬ್ಬಿನ ಹಾಲು ಕುಡಿದಷ್ಟೇ ತೊಂದರೆ ಕೊಡಬಹುದು: ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ. ಇದಕ್ಕೆ ಡಂಪಿಂಗ್ ಅಂತಾರೆ. ಶುಗರ್‌ಫ್ರೀ ಕೇಳಿ, ಅದರಲ್ಲೂ ಸಾರ್ಬಿಟಾಲ್ ಎಂಬ ಸಿಹಿ ಪದಾರ್ಥ ಹೆಚ್ಚಿದ್ದರೆ ಭೇದಿಯಾಗುತ್ತದೆ. ನೊರೆಬರುವ ಮಾತ್ರೆ, ಈನೋ, ಸೋಡಾ ಎಲ್ಲಕ್ಕೂ ಕೆಲ ಕಾಲ ರಜೆ. ಪಿತ್ತಕೋಶದ ಕಲ್ಲು ತಡೆಯಲು ಕೊಡುವ ಅರ್ಸೋಡಿಆಕ್ಸಿಕೋಲಿಕ್ ಆಮ್ಲವನ್ನು ಸಾಮಾನ್ಯವಾಗಿ ಆರು ತಿಂಗಳು ಮುಂದುವರಿಸುತ್ತಾರೆ, "ನೋವೇ ಇಲ್ಲವಲ್ಲ" ಎಂದು ನಡುವೆ ಬಿಡಬೇಡಿ.

5. ನೋವಿನ ಮಾತ್ರೆ

ಐಬುಪ್ರೊಫೆನ್, ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್, ಮೆಫೆನಾಮಿಕ್ ಆಮ್ಲ, ನ್ಯಾಪ್ರಾಕ್ಸೆನ್, ಆಸ್ಪಿರಿನ್ ಇವೆಲ್ಲ ಒಂದೇ ಗುಂಪು. ಜಠರದ ಒಳಪದರವನ್ನು ಕಾಪಾಡುವ ಲೋಳೆಯನ್ನು ಇವು ತಗ್ಗಿಸುತ್ತವೆ. ಬೈಪಾಸ್ ಆದವರಿಗೆ ಜೋಡಣೆಯ ಜಾಗದಲ್ಲಿ ಹುಣ್ಣು, ರಕ್ತಸ್ರಾವ, ಕೆಲವೊಮ್ಮೆ ತೂತು. ಹೀಗಾಗಿ ಅವರಿಗೆ ಇವು ಜೀವನಪರ್ಯಂತ ಬೇಡ. ಸ್ಲೀವ್ ಆದವರಿಗೆ ಅಪಾಯ ಅದಕ್ಕಿಂತ ಕಡಿಮೆ, ಕೆಲವು ಸರ್ಜನ್ನರು ಆಮೇಲೆ ಒಂದೆರಡು ದಿನಕ್ಕೆ ಒಪ್ಪುತ್ತಾರೆ. ಆದರೆ ಆ ಒಪ್ಪಿಗೆ ಅವರ ಬಾಯಿಂದಲೇ ಬರಬೇಕು, ಮೆಡಿಕಲ್ಸ್ ಹುಡುಗನ ಬಾಯಿಂದಲ್ಲ.

ಕಷ್ಟ ಇರುವುದು ಹೆಸರುಗಳಲ್ಲಿ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಇದೆ. ಝೀರೋಡಾಲ್-ಪಿಯಲ್ಲಿ ಅಸಿಕ್ಲೊಫಿನಾಕ್. ಹುಡುಗಿಯರ ಪರ್ಸಿನಲ್ಲಿ ಸದಾ ಇರುವ ಮೆಫ್ಟಾಲ್-ಸ್ಪಾಸ್‌ನಲ್ಲಿ ಮೆಫೆನಾಮಿಕ್ ಆಮ್ಲ. ಡ್ರೊಟಿನ್ ಈ ಗುಂಪಿನದಲ್ಲ, ಆದರೆ ಡ್ರೊಟಿನ್-ಎಂನಲ್ಲಿ ಮೆಫೆನಾಮಿಕ್ ಸೇರಿದೆ, ಒಂದಕ್ಷರದ ವ್ಯತ್ಯಾಸ. ಮುಟ್ಟಿನ ಅತಿಸ್ರಾವಕ್ಕೆ ಕೊಡುವ, ಹೆಸರಿನ ಕೊನೆಗೆ ಎಂಎಫ್ ಎಂದಿರುವ ಮಾತ್ರೆಗಳಲ್ಲೂ ಅದೇ ಇರುತ್ತದೆ. ಬ್ರ್ಯಾಂಡ್ ಹೆಸರು ಬಿಟ್ಟು ಅದರ ಕೆಳಗಿನ ಸಣ್ಣ ಅಕ್ಷರ ಓದುವುದನ್ನು ಮಗುವಿಗೇ ಕಲಿಸಿ. ತರಗತಿಯಲ್ಲಿ ಹೊಟ್ಟೆನೋವೆಂದರೆ ಗೆಳತಿ ಕೊಡುವ ಮಾತ್ರೆ ನುಂಗುವಾಗ ನೀವು ಅಲ್ಲಿರುವುದಿಲ್ಲ.

"ಇಂಜೆಕ್ಷನ್ ಆದರೆ ಹೊಟ್ಟೆಗೆ ಹೋಗಲ್ವಲ್ಲ" ಎನ್ನುವವರಿದ್ದಾರೆ. ಡೈಕ್ಲೊಫಿನಾಕ್ ಹುಣ್ಣು ಮಾಡುವುದು ಮುಖ್ಯವಾಗಿ ರಕ್ತದ ಮೂಲಕ. ಸೊಂಟಕ್ಕೆ ಚುಚ್ಚಿದರೂ ಜಠರದ ಲೋಳೆ ಕಡಿಮೆಯಾಗುತ್ತದೆ.

ಹಾಗಾದರೆ ಏನು ಕೊಡುವುದು? ಪ್ಯಾರಾಸಿಟಮಾಲ್. 50 ಕೆ.ಜಿ. ಮೀರಿದ ಹದಿಹರೆಯದವರಿಗೆ 650 ಮಿ.ಗ್ರಾಂ ಮಾತ್ರೆ ಆರು ಗಂಟೆಗೊಂದು, ದಿನಕ್ಕೆ ನಾಲ್ಕು ದಾಟದಂತೆ. ಕೊಬ್ಬಿನ ಲಿವರ್ ಇದ್ದರೆ ಮೊದಲು ಕೇಳಿ. ಮಕ್ಕಳ ಡೋಸನ್ನು ಕೆ.ಜಿ.ಗೆ 15 ಮಿ.ಗ್ರಾಂ ಎಂದು ಲೆಕ್ಕ ಹಾಕುವ ರೂಢಿಯಿದೆ. 120 ಕೆ.ಜಿ. ಇರುವ ಮಗುವಿಗೆ ಹಾಗೆ ಗುಣಿಸಿದರೆ 1800 ಮಿ.ಗ್ರಾಂ ಬರುತ್ತದೆ, ಅದು ತಪ್ಪು. ದೊಡ್ಡವರಿಗೂ ಒಂದು ಸಲಕ್ಕೆ 1000 ಮಿ.ಗ್ರಾಂ ಮೀರುವಂತಿಲ್ಲ. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ, ಎರಡನ್ನೂ ಒಟ್ಟಿಗೆ ಕೊಟ್ಟು ಲೆಕ್ಕ ತಪ್ಪಿಸಬೇಡಿ. ಮುಟ್ಟಿನ ನೋವಿಗೆ ಬಿಸಿನೀರಿನ ಚೀಲ, ಪ್ಯಾರಾಸಿಟಮಾಲ್. ಸಾಲದಿದ್ದರೆ ಸ್ತ್ರೀರೋಗ ತಜ್ಞರ ಬಳಿ ಬೇರೆ ದಾರಿಗಳಿವೆ.

ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿದ್ದು, ಜೊತೆಗೆ ತಲೆಸುತ್ತು ಬಂದರೆ ಅದು ರಕ್ತ. ಆಸ್ಪತ್ರೆಗೆ ಹೊರಡಿ.

6. ವಾಂತಿ, ಗ್ಲೂಕೋಸ್, ಥಯಮಿನ್

ಇಷ್ಟು ಚಿಕ್ಕ ವಿಷಯ ಇಷ್ಟು ದೊಡ್ಡ ಹಾನಿ ಮಾಡುವುದು ಬೇರೆಲ್ಲೂ ಇಲ್ಲ. ಥಯಮಿನ್ ಅಂದರೆ ವಿಟಮಿನ್ ಬಿ1. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕೆ ಮಾತ್ರ ಸಾಕು. ಊಟ ಕಡಿಮೆ, ಮೇಲೆ ವಾಂತಿ. ಅಷ್ಟರಲ್ಲಿ ಅದು ಖಾಲಿ. ಆ ಸ್ಥಿತಿಯಲ್ಲಿ ಗ್ಲೂಕೋಸ್ ಡ್ರಿಪ್ ಹಾಕಿದರೆ, ಅದನ್ನು ಅರಗಿಸಲು ದೇಹ ಉಳಿದ ಥಯಮಿನ್ನನ್ನೂ ಖರ್ಚು ಮಾಡುತ್ತದೆ, ಮಿದುಳಿಗೆ ಪೆಟ್ಟು ಬೀಳುತ್ತದೆ. ಇದನ್ನು ವೆರ್ನಿಕೆ ಎನ್ಸೆಫಲೋಪತಿ ಎನ್ನುತ್ತಾರೆ. ತಡವಾದರೆ ನೆನಪಿನ ಶಕ್ತಿ ಪೂರ್ತಿ ಮರಳುವುದಿಲ್ಲ.

ನಮ್ಮ ಕಡೆ ಸುಸ್ತು ಅಂದರೆ ಗ್ಲೂಕೋಸ್. "ಎರಡು ಬಾಟ್ಲಿ ಹಾಕ್ಸಿದ್ರೆ ಎದ್ದು ಕೂರ್ತಾನೆ" ಎಂಬ ಮಾತಿಗೆ ಈ ಮಕ್ಕಳ ವಿಷಯದಲ್ಲಿ ಕಿವಿಗೊಡಬೇಡಿ. ಹೀಗೆ ಮಾಡಿ:

ಒಂದು, ಒಂದು ದಿನಕ್ಕಿಂತ ಹೆಚ್ಚು ವಾಂತಿ ಇದ್ದರೆ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ಜೋಡಣೆ ಕಿರಿದಾಗಿರಬಹುದು, ಬರೀ ಡ್ರಿಪ್ಪಿನಿಂದ ಅದು ಸರಿಹೋಗದು.

ಎರಡು, ಡ್ರಿಪ್ ಅನಿವಾರ್ಯವಾದರೆ ಹಾಕುವ ಮೊದಲೇ ಹೇಳಿ: "ಬೇರಿಯಾಟ್ರಿಕ್ ಆಪರೇಷನ್ ಆಗಿದೆ, ಗ್ಲೂಕೋಸಿಗೆ ಮೊದಲು ಥಯಮಿನ್ ಇಂಜೆಕ್ಷನ್ ಕೊಡಿ." ಕನಿಷ್ಠ 100 ಮಿ.ಗ್ರಾಂ ಕೊಡುತ್ತಾರೆ, ಲಕ್ಷಣ ಇದ್ದರೆ ಅದಕ್ಕಿಂತ ಬಹಳ ಹೆಚ್ಚು. ಬಾಟಲಿಯ ಮೇಲೆ ಡಿಎನ್‌ಎಸ್ ಅಥವಾ ಡೆಕ್ಸ್‌ಟ್ರೋಸ್ ಎಂದಿದ್ದರೆ ಅದು ಗ್ಲೂಕೋಸ್ ಇರುವುದು. ಎನ್‌ಎಸ್ ಎಂದರೆ ಬರೀ ಉಪ್ಪುನೀರು.

ಮೂರು, ಒಂದು ಎರಡಾಗಿ ಕಾಣುವುದು, ಕಣ್ಣುಗುಡ್ಡೆ ತಾನಾಗಿ ಅದುರುವುದು, ನಡೆಯುವಾಗ ತೂರಾಡುವುದು, ಮಾತು ಅಡ್ಡಾದಿಡ್ಡಿಯಾಗುವುದು, ಪಾದ ಜೋಮು ಹಿಡಿಯುವುದು. ಇವುಗಳಲ್ಲಿ ಒಂದು ಕಂಡರೂ ಕ್ಲಿನಿಕ್ ಬೇಡ, 108ಕ್ಕೆ ಕರೆಮಾಡಿ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

7. ಶಕ್ತಿ ಮಾತ್ರೆಗಳ ವೇಳಾಪಟ್ಟಿ

ವಿಟಮಿನ್ ಮಾತ್ರೆಗಳು ಇನ್ನು ಜೀವನಪೂರ್ತಿ. ಅವು ಒಂದಕ್ಕೊಂದು ಜಗಳ ಆಡುತ್ತವೆ: ಕ್ಯಾಲ್ಸಿಯಂ ಮತ್ತು ಕಬ್ಬಿಣಕ್ಕೆ ಎರಡು ಗಂಟೆ ಅಂತರ, ಥೈರಾಯ್ಡ್ ಮಾತ್ರೆಗೂ ಇವೆರಡಕ್ಕೂ ನಾಲ್ಕು ಗಂಟೆ ಅಂತರ. ಪಿಯು ಕಾಲೇಜಿಗೆ ಹೋಗುವವರಿಗೆ ಹೊಂದುವ ಒಂದು ಕ್ರಮ:

- ಬೆಳಿಗ್ಗೆ 6: ಥೈರಾಯ್ಡ್ ಮಾತ್ರೆ (ಇದ್ದರೆ), ಗ್ಯಾಸ್ ಮಾತ್ರೆ, ಬರೀ ನೀರಿನಲ್ಲಿ. ತಿಂಡಿ 7ಕ್ಕೆ.
- 11ರ ಬಿಡುವು: ಕ್ಯಾಲ್ಸಿಯಂ 500.
- ಮಧ್ಯಾಹ್ನ 1.30: ಊಟದೊಂದಿಗೆ ಮಲ್ಟಿವಿಟಮಿನ್.
- ಸಂಜೆ 4.30: ಕಬ್ಬಿಣ. ಸಕ್ಕರೆ ಹಾಕದ ನಿಂಬೆರಸದ ಜೊತೆ ಒಳ್ಳೆಯದು. ಕಾಫಿ ಟೀ ಒಂದು ಗಂಟೆ ಬಿಟ್ಟು.
- ರಾತ್ರಿ 8: ಕ್ಯಾಲ್ಸಿಯಂ 500, ಡಿ3. ಮೂರನೆಯದು ಬರೆದಿದ್ದರೆ ಮಲಗುವ ಮುನ್ನ.

ರಾಗಿ ಮುದ್ದೆ ಜೊತೆಗೆ ಕಬ್ಬಿಣದ ಮಾತ್ರೆ ಬೇಡ. ರಾಗಿಯಲ್ಲಿರುವ ಫೈಟೇಟ್, ಟ್ಯಾನಿನ್, ಕ್ಯಾಲ್ಸಿಯಂ ಮೂರೂ ಕಬ್ಬಿಣವನ್ನು ಹಿಡಿದುಕೊಳ್ಳುತ್ತವೆ.

ಕ್ಯಾಲ್ಸಿಯಂ ದಿನಕ್ಕೆ ಊಟದ್ದೂ ಸೇರಿ 1200ರಿಂದ 1500 ಮಿ.ಗ್ರಾಂ, ಒಂದು ಸಲಕ್ಕೆ 500–600 ಮೀರದಂತೆ. ಕಾರ್ಬೊನೇಟ್ ಕರಗಲು ಆಮ್ಲ ಬೇಕು, ನಿಮ್ಮ ಮಗುವಿನಲ್ಲಿ ಅದೇ ಕಡಿಮೆ, ಸಿಟ್ರೇಟ್ ಕೇಳಿ. ಸ್ಟ್ರಿಪ್ ಮೇಲಿನ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. 1250 ಮಿ.ಗ್ರಾಂ ಕಾರ್ಬೊನೇಟ್‌ನಲ್ಲಿ ನಿಜವಾದ ಕ್ಯಾಲ್ಸಿಯಂ 500, 1000 ಮಿ.ಗ್ರಾಂ ಸಿಟ್ರೇಟ್‌ನಲ್ಲಿ ಸುಮಾರು 210. "ಎಲಿಮೆಂಟಲ್" ಎಂಬ ಪದದ ಮುಂದಿರುವುದನ್ನು ಲೆಕ್ಕಕ್ಕೆ ತಗೊಳ್ಳಿ.

ಕಬ್ಬಿಣ, ಮುಟ್ಟಾಗುವ ಹುಡುಗಿಯರಿಗೆ ದಿನಕ್ಕೆ 45–60 ಮಿ.ಗ್ರಾಂ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ಅದು ದಿನದ ಡೋಸಿಗೆ ಬದಲಿಯಲ್ಲ. ಆ ದಿನ ಎರಡೂ ಬೇಕೇ ಎಂದು ಡಾಕ್ಟರನ್ನು ಕೇಳಿ ಶಿಕ್ಷಕರಿಗೆ ಚೀಟಿ ಕಳುಹಿಸಿ. ಬಿ12 ಮಾತ್ರೆ ದಿನಕ್ಕೆ 350–1000 ಮೈಕ್ರೋಗ್ರಾಂ, ಇಲ್ಲವೇ ತಿಂಗಳಿಗೊಂದು 1000 ಮೈಕ್ರೋಗ್ರಾಂ ಇಂಜೆಕ್ಷನ್.

ಡಿ3ಯಲ್ಲಿ 60,000 ಐಯು ಪೊಟ್ಟಣ ವಾರಕ್ಕೊಂದು. ಅದನ್ನು ದಿನಕ್ಕೊಂದು ಎಂದು ತಿಳಿದು ನುಂಗಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಮಲಬದ್ಧತೆ, ವಾಂತಿ, ಕಿಡ್ನಿಗೆ ತೊಂದರೆ. ಪೊಟ್ಟಣದ ಮೇಲೆ ಪೆನ್ನಿನಲ್ಲಿ "ಭಾನುವಾರ" ಎಂದು ಬರೆದಿಡಿ.

8. ಹಾರ್ಮೋನ್, ಮೊಡವೆ, ಮನಸ್ಸಿನ ಔಷಧಿ

ತೂಕ ಇಳಿದಂತೆ ಪಿಸಿಓಡಿ ಇರುವ ಹುಡುಗಿಯರಲ್ಲಿ ಅಂಡೋತ್ಪತ್ತಿ ಮರಳುತ್ತದೆ. ಆಪರೇಷನ್ ಆದ 12–18 ತಿಂಗಳು ಗರ್ಭ ನಿಲ್ಲಬಾರದು, ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಿಕೊಳ್ಳುತ್ತದೆಂಬ ಭರವಸೆಯಿಲ್ಲ. ಈ ಮಾತನ್ನು ಸ್ತ್ರೀರೋಗ ತಜ್ಞರು ಹುಡುಗಿಯ ಜೊತೆಗೇ ಆಡಲಿ. ಮೊಡವೆಗೆ ಐಸೋಟ್ರೆಟಿನೊಯಿನ್ ತೆಗೆದುಕೊಳ್ಳುವವರು ವಿಟಮಿನ್ ಎ ಮಾತ್ರೆ ಜೊತೆಗೆ ತೆಗೆದುಕೊಳ್ಳಬಾರದು. ಗರ್ಭದಲ್ಲಿರುವ ಮಗುವಿಗೂ ಐಸೋಟ್ರೆಟಿನೊಯಿನ್ ಭಾರಿ ಅಪಾಯಕಾರಿ.

ಖಿನ್ನತೆಯ ಮಾತ್ರೆ ಆಪರೇಷನ್ ನಂತರ ರಕ್ತದಲ್ಲಿ ಕಡಿಮೆ ಮಟ್ಟಕ್ಕೆ ಇಳಿಯಬಹುದು. ಮೊದಲ ತಿಂಗಳುಗಳಲ್ಲಿ ಮಗು ಮಂಕಾದರೆ "ಊಟ ಇಲ್ಲ, ಅದಕ್ಕೇ" ಎಂದು ತಳ್ಳಿಹಾಕದೆ ಮನೋವೈದ್ಯರಿಗೆ ಹೇಳಿ. ಸಾಯುವ ಮಾತು ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಬಹುದು. ಅಂಥ ಮನೆಯಲ್ಲಿ ಮಾತ್ರೆ ಡಬ್ಬ ಬೀಗದೊಳಗಿರಲಿ, ವಾರದಷ್ಟು ಮಾತ್ರ ಹೊರಗೆ. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಲ್ಲಿ ದೇಹದ ನೀರು ಕಡಿಮೆಯಾದರೆ ಅದು ವಿಷಮಟ್ಟಕ್ಕೇರುತ್ತದೆ, ರಕ್ತಪರೀಕ್ಷೆ ತಪ್ಪಿಸುವಂತಿಲ್ಲ.

9. ತೂಕ ಇಳಿದಂತೆ ಡೋಸ್

ಬಿಪಿ ಮಾತ್ರೆ ನುಂಗುತ್ತಿದ್ದವರು ಎದ್ದು ನಿಂತಾಗ ಕಣ್ಣುಕತ್ತಲೆ ಬಂದರೆ ಡೋಸ್ ಈಗ ಹೆಚ್ಚಾಗಿದೆ ಎಂದರ್ಥ ಇರಬಹುದು. ಸಕ್ಕರೆ ಮಾತ್ರೆಯದ್ದೂ ಅದೇ ಕಥೆ: ನಡುಕ, ಬೆವರು ಬಂದರೆ ತಕ್ಷಣ ಗ್ಲೂಕೋಮೀಟರ್ ಹಾಕಿ, 70ಕ್ಕಿಂತ ಕೆಳಗಿದ್ದರೆ ಸಕ್ಕರೆ ಕೊಟ್ಟು ಡಾಕ್ಟರಿಗೆ ಫೋನ್ ಮಾಡಿ. ಥೈರಾಯ್ಡ್, ಮೂರ್ಛೆಯ ಮಾತ್ರೆಗಳ ಮಟ್ಟವನ್ನು ರಕ್ತದಲ್ಲೇ ನೋಡಬೇಕು. 1, 3, 6, 12ನೇ ತಿಂಗಳ ಭೇಟಿಗೆ ಅಂದಿನ ತೂಕ ಮತ್ತು ಪೂರ್ತಿ ಔಷಧಿ ಪಟ್ಟಿ ಒಯ್ಯಿರಿ.

ಪಟ್ಟಿ ಒಂದೇ ಹಾಳೆಯಲ್ಲಿರಲಿ. ಮೇಲೆ ಆಪರೇಷನ್ ಹೆಸರು, ತಾರೀಖು, ಸರ್ಜನ್ ಫೋನ್. ಅದರ ಕೆಳಗೆ ಕೆಂಪಿನಲ್ಲಿ ಎರಡು ಸಾಲು: "ನೋವಿಗೆ ಪ್ಯಾರಾಸಿಟಮಾಲ್ ಮಾತ್ರ", "ಗ್ಲೂಕೋಸಿಗೆ ಮೊದಲು ಥಯಮಿನ್". ಆಮೇಲೆ ಮಾತ್ರೆಗಳು. ಒಂದು ಪ್ರತಿ ಮಗುವಿನ ಬ್ಯಾಗಿನಲ್ಲಿ, ಒಂದರ ಫೋಟೋ ಅಪ್ಪ ಅಮ್ಮನ ಮೊಬೈಲಿನಲ್ಲಿ. ಮಗ ಮಗಳು ಹಾಸ್ಟೆಲಿಗೆ ಹೊರಟರೆ ವಾರ್ಡನ್‌ಗೆ ಒಂದು ಪ್ರತಿ ಕೊಡಿ, ಹಾಸ್ಟೆಲಿನ ಫಸ್ಟ್ ಏಡ್ ಪೆಟ್ಟಿಗೆಯಲ್ಲಿ ಯಾವ ನೋವಿನ ಮಾತ್ರೆ ಇಟ್ಟಿದ್ದಾರೆಂದು ಅಲ್ಲೇ ನೋಡಿಕೊಂಡು ಬನ್ನಿ.